ಕಾರವಾರದಲ್ಲಿ ಒಂದು ರಾತ್ರಿಯಾದರೂ ಉಳಿಯುವವರಿಗೆ

ಗೋವಾಕ್ಕೆ ಹೋಗುವ ದಾರಿಯಲ್ಲಿ ಕಾರವಾರದಲ್ಲಿ ಎರಡು ತಾಸು ಇಳಿದು, ಕಡಲತೀರದಲ್ಲಿ ಒಂದು ಸುತ್ತು ಹಾಕಿ, ಹೆದ್ದಾರಿ ಬದಿಯಲ್ಲಿ ಊಟ ಮುಗಿಸಿ ಮುಂದೆ ಹೋದವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ‘ಅಲ್ಲಿ ನೋಡುವಂಥದ್ದು ಏನೂ ಇಲ್ಲ.’ ಜುಲೈ ತಿಂಗಳಲ್ಲಿ ಹುಬ್ಬಳ್ಳಿಯಿಂದ ಹೋದ ನಮ್ಮ ಮೊದಲ ಭೇಟಿಯೂ ಹೀಗೆಯೇ ಇತ್ತು, ಮತ್ತು ಆ ದಿನ ಕಂಡದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕೆಂಪು ಮಣ್ಣು ಕಲಸಿದ ಸಮುದ್ರ, ಬಾಗಿಲೆಳೆದ ಅಂಗಡಿಗಳು, ಊರಿಗೂ ಕಡಲಿಗೂ ನಡುವೆ ಬಿಡುವಿಲ್ಲದೆ ಓಡುವ ಲಾರಿಗಳು, ತಟ್ಟೆಯಲ್ಲಿ ಮಂಜುಗಡ್ಡೆಯಲ್ಲಿ ಬಹುದಿನ ಕಳೆದ ಮೀನು. ಮುಂದೆ ಚಳಿಗಾಲದಲ್ಲಿ ಸಂಬಂಧಿಕರೊಬ್ಬರ ಮದುವೆಗೆಂದು ಹೋಗಿ ಅಲ್ಲಿಯೇ ಕೆಲವು ದಿನ ಉಳಿಯಬೇಕಾಗಿ ಬಂದಾಗ, ಈ ದೂರುಗಳಲ್ಲಿ ಯಾವುದು ಊರಿನದು, ಯಾವುದು ಹೊತ್ತಿನದು, ಯಾವುದು ತಿಂಗಳಿನದು ಎಂದು ಬೇರ್ಪಡಿಸಿ ನೋಡಲು ಸಾಧ್ಯವಾಯಿತು. ಆ ವಿಂಗಡಣೆ ಕಾರವಾರಕ್ಕೆ ಹೊರಟಿರುವವರಿಗೆ ಉಪಯೋಗವಾದೀತು.

ಮೊದಲು ಮೀನಿನ ಮಾತು, ಏಕೆಂದರೆ ಹೆಚ್ಚಿನವರ ಅಸಮಾಧಾನ ಊಟದಿಂದಲೇ ಶುರುವಾಗುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನು ಮರಿಹಾಕುವ ಕಾಲವೂ ಅದೇ, ಕಡಲು ಕೆರಳುವ ಕಾಲವೂ ಅದೇ. ಆ ದಿನಗಳಲ್ಲಿ ದಡದ ಸಮೀಪ ನಾಡದೋಣಿಯವರು ಹಿಡಿದದ್ದು, ಹೊಳೆಯ ಮೀನು, ಮೇ ತಿಂಗಳಲ್ಲೇ ಒಣಗಿಸಿಟ್ಟದ್ದು ಬಿಟ್ಟರೆ ಉಳಿದದ್ದೆಲ್ಲ ಹೊರಗಿನಿಂದ ಬಂದದ್ದು ಅಥವಾ ಶೈತ್ಯಾಗಾರದ್ದು. ಜುಲೈಯಲ್ಲಿ ಇಸ್ವಾಣದ (ಅಂಜಲ್ ಮೀನಿನ) ತುಂಡು ಬೇಕೆಂದು ಹಟ ಹಿಡಿದು, ಸಿಕ್ಕಿದ್ದನ್ನು ತಿಂದು, ಕಾರವಾರದ ಮೀನಿಗೆ ರುಚಿಯಿಲ್ಲ ಎನ್ನುವುದು ನ್ಯಾಯವಲ್ಲ. ಮೀನಿಗಾಗಿಯೇ ಹೋಗುವವರು ಅಕ್ಟೋಬರ್‌ನಿಂದ ಫೆಬ್ರುವರಿಯವರೆಗಿನ ಯಾವುದಾದರೂ ವಾರವನ್ನು ಆರಿಸಿಕೊಳ್ಳಬೇಕು. ಮಳೆ ನೋಡಲು ಬರುವವರ ಲೆಕ್ಕ ಬೇರೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಕರಾವಳಿಯಲ್ಲಿ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಅವರಿಗೆ ಸಮುದ್ರಕ್ಕಿಂತ ಹಸಿರು ಹೊದ್ದ ಗುಡ್ಡಗಳೇ ಹೆಚ್ಚು ಸಂತೋಷ ಕೊಡುತ್ತವೆ.

ಇನ್ನು ಹೊತ್ತಿನ ಮಾತು. ಕಾರವಾರ ಬೆಳಿಗ್ಗೆ ಮತ್ತು ಸಂಜೆ ಬದುಕುವ ಊರು. ಮಧ್ಯಾಹ್ನ ಹಲವು ಅಂಗಡಿಗಳು ಮುಚ್ಚುತ್ತವೆ, ರಸ್ತೆಯಲ್ಲಿ ಜನರಿರುವುದಿಲ್ಲ, ಬಿಸಿಲಿನ ಧಗೆಯಲ್ಲಿ ತೀರದ ಮರಳಿನ ಮೇಲೆ ನಿಲ್ಲುವುದೇ ಕಷ್ಟ. ಹುಬ್ಬಳ್ಳಿಯಿಂದ ಬೆಳಿಗ್ಗೆ ಹೊರಟ ಕಾರುಗಳು, ಸುಮಾರು 165 ಕಿಲೋಮೀಟರ್ ಕ್ರಮಿಸಿ, ನಡುವೆ ಯಲ್ಲಾಪುರದಲ್ಲಿ ಚಹಾಕ್ಕೆ ನಿಂತು, ಸರಿಯಾಗಿ ಈ ಹೊತ್ತಿಗೇ ಊರು ತಲುಪುತ್ತವೆ ಎಂಬುದು ಕಾರವಾರದ ದುರದೃಷ್ಟ. ಹಿಂದಿನ ಸಂಜೆಯೇ ತಲುಪಿ ರಾತ್ರಿ ಉಳಿದರೆ ಎರಡು ಒಳ್ಳೆಯ ಹೊತ್ತುಗಳೂ ಸಿಗುತ್ತವೆ. ಬೆಂಗಳೂರಿನವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಅನುಕೂಲ: ರಾತ್ರಿಯಿಡೀ ಸಾಗಿ ಬೆಳಿಗ್ಗೆ ಕಾರವಾರದಲ್ಲಿ ಇಳಿಸುತ್ತದೆ. ಆದರೆ ರೈಲು ನಿಲ್ದಾಣ ಊರೊಳಗಿಲ್ಲ, ಹಲವು ಕಿಲೋಮೀಟರ್ ದೂರದ ಶಿರವಾಡದಲ್ಲಿದೆ. ಆಟೊ ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳುವುದು ಒಳ್ಳೆಯದು.

ಬೆಳಗಿನ ಹೊತ್ತನ್ನು ಮೀನು ಮಾರುಕಟ್ಟೆಗೇ ಕೊಡಬೇಕೆಂದು ನನ್ನ ಸಲಹೆ. ಮೀನು ತಿನ್ನದವರೂ ಹೋಗಬಹುದು, ಮೂಗು ಸ್ವಲ್ಪ ಸಹಿಸಿಕೊಂಡರೆ ಸಾಕು. ತಲೆಗೆ ಹೂ ಮುಡಿದು, ಗಿಡ್ಡ ಮಣೆಯ ಮೇಲೆ ಕುಳಿತ ಹೆಂಗಸರು ಬಂಗುಡೆ, ತಾರ್ಲೆ, ಸಿಗಡಿಗಳನ್ನು ಪಾಲು ಹಾಕಿ ಇಟ್ಟಿರುತ್ತಾರೆ. ಪಕ್ಕದ ಬುಟ್ಟಿಯಲ್ಲಿ ಕಾಳಿ ನದಿಯ ತಿಸರೆ ಇರುತ್ತದೆ. ಇಳಿತದ ವೇಳೆ ಹೊಳೆಯ ಮರಳಲ್ಲಿ ಕೈಯಾಡಿಸಿ ಆರಿಸಿ ತಂದ ಆ ಚಿಪ್ಪುಗಳ ಮೇಲೆ ನೀರು ಚಿಮುಕಿಸಿದಾಗ ಒಂದೆರಡು ಬಾಯಿ ಮುಚ್ಚಿಕೊಳ್ಳುವುದು ಕಾಣುತ್ತದೆ, ಅದು ಜೀವಂತವಿದೆ ಎಂಬುದಕ್ಕೆ ಗುರುತು. ನನ್ನ ಹೆಂಡತಿ ಬಂಗುಡೆಯ ಮುಂದೆ ಅನುಮಾನಿಸುತ್ತ ನಿಂತಾಗ, ಮಾರುವಾಕೆ ಕೊಂಕಣಿ ಬಿಟ್ಟು ಕನ್ನಡಕ್ಕೆ ಬಂದು, ‘ಅಕ್ಕಾ, ದೂರದಿಂದ ಏನು ನೋಡ್ತೀರಿ, ಕಿವಿರು ತೆಗೆದು ನೋಡಿ’ ಎಂದು ಮೀನನ್ನು ಕೈಗೇ ಕೊಟ್ಟಳು. ಕಿವಿರು ಕೆಂಪಗಿತ್ತು. ಸಮೀಪದಲ್ಲೇ, ಕೊರಳ ತುಂಬ ಮಣಿಸರ ಧರಿಸಿದ ಹಾಲಕ್ಕಿ ಒಕ್ಕಲಿಗ ಹೆಂಗಸರು ಹರಿವೆ, ಬಸಳೆ, ಮೊಗೆಕಾಯಿ ಮಾರುತ್ತಿರುತ್ತಾರೆ. ಅವರ ಚಿತ್ರ ತೆಗೆಯುವ ಮೊದಲು ಕೇಳುವುದು ಮರ್ಯಾದೆ. ರವಿವಾರ ಸಂತೆಯ ದಿನವಾದ್ದರಿಂದ ಘಟ್ಟದ ಮೇಲಿನ ತರಕಾರಿಯೂ ಬಂದು ಊರಿನ ರಸ್ತೆಗಳು ತುಂಬಿಕೊಳ್ಳುತ್ತವೆ. ಕಾರು ನಿಲ್ಲಿಸಲು ಜಾಗ ಸಿಗದು, ಆದರೆ ಊರು ಎಂದರೆ ಏನು ಎಂಬುದು ಆ ದಿನವೇ ಗೊತ್ತಾಗುವುದು.

ಸಂಜೆಯನ್ನು ಕಡಲತೀರಕ್ಕಿಂತ ಕಾಳಿ ನದಿಯ ಅಳಿವೆಗೆ ಮೀಸಲಿಡಬೇಕು. ರವೀಂದ್ರನಾಥ ಠಾಗೋರರ ಹೆಸರನ್ನು ಇಲ್ಲಿನ ತೀರಕ್ಕೆ ಇಟ್ಟಿದ್ದಾರೆ; ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ, ಇಪ್ಪತ್ತರ ಹರೆಯ ದಾಟಿದ್ದ ಕವಿ ಬಂದು ತಂಗಿದ್ದರು. ತೀರದಲ್ಲಿ ಫಲಕದ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವವರು ಮರೆಯುವ ಸಂಗತಿಯೆಂದರೆ, ಕವಿಯ ನೆನಪಿನಲ್ಲಿ ಉಳಿದದ್ದು ಬರೀ ಮರಳಲ್ಲ. ಗುಡ್ಡಗಳು ಸುತ್ತುವರಿದ ಅರ್ಧಚಂದ್ರದಂಥ ಕೊಲ್ಲಿ, ಗಾಳಿಮರಗಳ ಸಾಲು, ಕಾಳಿಯಲ್ಲಿ ದೋಣಿಯಲ್ಲಿ ಸಾಗಿದ ಬೆಳದಿಂಗಳ ರಾತ್ರಿ. ಇಂದಿಗೂ ಸೇತುವೆ ದಾಟಿ ಸದಾಶಿವಗಡದ ಗುಡ್ಡ ಹತ್ತಿದರೆ ಈ ಭೂಗೋಳ ಒಂದೇ ನೋಟಕ್ಕೆ ಅರ್ಥವಾಗುತ್ತದೆ: ಒಂದು ಕಡೆ ಹೊಳೆ, ಎದುರಿಗೆ ಕಡಲು, ದೂರದಲ್ಲಿ ಕೂರ್ಮಗಡ ದ್ವೀಪ. ಸೋದೆಯ ಅರಸರು ಸದಾಶಿವಗಡದಲ್ಲಿ ಕಟ್ಟಿಸಿದ ಕೋಟೆಯಲ್ಲಿ ಉಳಿದಿರುವುದು ಅಲ್ಪ. ಕೋಟೆಗಾಗಿ ಅಲ್ಲ, ಈ ನೋಟಕ್ಕಾಗಿ ಹತ್ತಬೇಕು. ಹೊಳೆ ದಾಟುವಾಗ ಪಕ್ಕದಲ್ಲಿದ್ದ ಹಳೆಯ ಸೇತುವೆಯ ಜಾಗವೂ ಕಾಣುತ್ತದೆ. ಅದು 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ಹೊಳೆಗೆ ಬಿತ್ತು. ಕೂರ್ಮಗಡದ ನರಸಿಂಹ ದೇವರ ಜಾತ್ರೆ ಪುಷ್ಯ ಮಾಸದಲ್ಲಿ, ಅಂದರೆ ಜನವರಿಯ ಸುಮಾರಿಗೆ ಬರುತ್ತದೆ. ಭಕ್ತರು ದೋಣಿಗಳಲ್ಲಿ ಹೋಗುತ್ತಾರೆ. ಉಳಿದ ದಿನಗಳಲ್ಲಿ ದ್ವೀಪಕ್ಕೆ ಹೋಗಬೇಕೆಂದರೆ ಜೀವರಕ್ಷಕ ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ, ಮಳೆಗಾಲದಲ್ಲಿ ಆ ವಿಚಾರವನ್ನೇ ಬಿಡಿ.

ಮಕ್ಕಳಿದ್ದರೆ ತೀರದಲ್ಲಿರುವ ನಿವೃತ್ತ ಕ್ಷಿಪಣಿ ನೌಕೆ ‘ಚಪಲ್’ ಸಂಗ್ರಹಾಲಯ ಒಂದು ತಾಸಿಗೆ ಸಾಕು. ತೆರೆಯುವ ವೇಳೆಯನ್ನು ಮೊದಲೇ ವಿಚಾರಿಸಿ. ಮಾಜಾಳಿಯಿಂದ ಆಚೆ, ಗೋವಾ ಗಡಿಯ ಹತ್ತಿರ ಇರುವ ತಿಳಮಾತಿಯ ಕಪ್ಪು ಮರಳಿನ ತೀರಕ್ಕೆ ಸ್ವಲ್ಪ ನಡೆಯಬೇಕು. ನಡೆಯಲಾರದವರಿಗೆ ಅದನ್ನು ಹೇಳಿ ಆಸೆ ಹುಟ್ಟಿಸುವುದು ಬೇಡ.

ಎಷ್ಟು ದಿನ ಉಳಿದರೂ ಹೋಗದ ದೂರುಗಳೂ ಇವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ರಾಷ್ಟ್ರೀಯ ಹೆದ್ದಾರಿ 66 ಊರು ಮತ್ತು ಕಡಲಿನ ನಡುವೆಯೇ ಹಾಯುತ್ತದೆ, ವಯಸ್ಸಾದವರನ್ನು ಕರೆದುಕೊಂಡು ಅದನ್ನು ದಾಟುವುದು ನಿಜಕ್ಕೂ ತೊಂದರೆ. ದಕ್ಷಿಣಕ್ಕೆ ಬಿಣಗಾ, ಅರಗಾದತ್ತ ಹೋದರೆ ಸೀಬರ್ಡ್ ಯೋಜನೆಯ ನೌಕಾನೆಲೆಯ ಗೋಡೆ ರಸ್ತೆಯ ಜೊತೆಗೇ ಸಾಗುತ್ತದೆ. ಒಂದು ಕಾಲಕ್ಕೆ ಹಳ್ಳಿಗಳಿದ್ದ ಆ ಸುಂದರ ತೀರ ಈಗ ಪ್ರವಾಸಿಗರಿಗೆ ಇಲ್ಲ, ಅಲ್ಲಿ ಕ್ಯಾಮೆರಾ ಎತ್ತುವುದೂ ಬೇಡ. ಗೋವಾದಂಥ ರಾತ್ರಿಜೀವನ ಹುಡುಕುವವರು ಕಾರವಾರದಲ್ಲಿ ವಾರವಿದ್ದರೂ ನಿರಾಶರಾಗುತ್ತಾರೆ, ಅವರ ನಿರಾಸೆ ಸಕಾರಣವಾದದ್ದೇ. ಇದು ಜಿಲ್ಲಾ ಕೇಂದ್ರ, ಕಚೇರಿಗಳ ಊರು, ಬೇಗ ಮಲಗುತ್ತದೆ.

ದಾರಿಯ ಬಗ್ಗೆ ಒಂದು ಮಾತು. ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ, ಶಿರಸಿಯಿಂದ ದೇವಿಮನೆ ಘಟ್ಟ. ಮಳೆಗಾಲದಲ್ಲಿ ಎರಡನ್ನೂ ವಿಚಾರಿಸದೆ ಹೊರಡಬಾರದು. ಅಂಕೋಲಾದ ಹತ್ತಿರ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದ ಜನ ಪ್ರಾಣ ಕಳೆದುಕೊಂಡ ಮೇಲೆ ಈ ಎಚ್ಚರಿಕೆಗೆ ವಿವರಣೆ ಬೇಕಿಲ್ಲ.

ಉಳಿಯಲು ಸಾಧ್ಯವೇ ಇಲ್ಲ, ಇರುವುದು ಅರ್ಧ ದಿನ ಮಾತ್ರ ಎನ್ನುವವರು ಮಧ್ಯಾಹ್ನ ನಾಲ್ಕರ ನಂತರ ತಲುಪುವಂತೆ ಹೊರಡಲಿ. ಊಟವನ್ನು ಅಂಕೋಲಾದಲ್ಲಿಯೇ ಮುಗಿಸಿ, ನೇರವಾಗಿ ಸದಾಶಿವಗಡಕ್ಕೆ ಹೋಗಿ, ಸೂರ್ಯ ಮುಳುಗಿದ ಮೇಲೆ ಊರಿಗೆ ಮರಳಿ ಪೇಟೆ ಸುತ್ತಲಿ. ಅಷ್ಟಕ್ಕೂ ಹೊತ್ತಿಲ್ಲದಿದ್ದರೆ ಅಥವಾ ಮಳೆ ಬಿಡದೆ ಹೊಯ್ಯುತ್ತಿದ್ದರೆ, ಸೇತುವೆ ದಾಟಿ ಮುಂದೆ ಹೋಗುವುದೇ ಲೇಸು; ಕಾರವಾರವನ್ನು ಡಿಸೆಂಬರಿಗೆ ಇಟ್ಟುಕೊಳ್ಳಬಹುದು.