ಹವಾಲ್ದಾರನ ಎಸಿಆರ್: ಪೆನ್ ಪಿಕ್ಚರ್‌ನಲ್ಲಿ ಏನಿರಬೇಕು

"ಶಿಸ್ತಿನ, ಪ್ರಾಮಾಣಿಕ, ಶ್ರಮಜೀವಿ ಎನ್‌ಸಿಒ (ನಾನ್-ಕಮಿಷನ್ಡ್ ಆಫೀಸರ್). ಕೊಟ್ಟ ಕೆಲಸವನ್ನು ಚೆನ್ನಾಗಿ ನಿಭಾಯಿಸುತ್ತಾರೆ." ಎಸಿಆರ್‌ನಲ್ಲಿ, ಅಂದರೆ ವಾರ್ಷಿಕ ಗೋಪ್ಯ ವರದಿಯಲ್ಲಿ, ಈ ಎರಡು ವಾಕ್ಯ ಭಾರತೀಯ ಸೇನೆಯ ಯಾವ ಹವಾಲ್ದಾರನಿಗೆ ಅಂಟಿಸಿದರೂ ಅಂಟಿಕೊಳ್ಳುತ್ತವೆ. ಅದೇ ಅವುಗಳ ದೋಷ. ನಾಯಬ್ ಸುಬೇದಾರ್ ದರ್ಜೆಗೆ ಬಡ್ತಿ ನಿರ್ಧರಿಸಲು ಕೂರುವ ಬೋರ್ಡಿನವರು ಆ ಮನುಷ್ಯನ ಮುಖ ನೋಡಿರುವುದಿಲ್ಲ. ಅವರ ಮುಂದಿರುವುದು ಕೆಲವು ವರ್ಷಗಳ ಎಸಿಆರ್ ಮಾತ್ರ.

ಬರೆಯುವ ಮೊದಲು ದಿನ ಲೆಕ್ಕ ಹಾಕಿ. ಇನಿಷಿಯೇಟಿಂಗ್ ಆಫೀಸರ್ (ವರದಿಯನ್ನು ಮೊದಲು ಬರೆಯುವ ಅಧಿಕಾರಿ) ಕೈಕೆಳಗೆ ಆತ 90 ದಿನವಾದರೂ ಖುದ್ದಾಗಿ ಕೆಲಸ ಮಾಡಿರಬೇಕು. ರಜೆ, ಕೋರ್ಸು, ಆಸ್ಪತ್ರೆ ಎಂದು ಹೊರಗಿದ್ದ ದಿನಗಳನ್ನು ಕಳೆಯದೆ, ಬಂದ ತಾರೀಕಿನಿಂದ ಹೋದ ತಾರೀಕಿನವರೆಗೆ ಎಣಿಸಿಬಿಡುವುದು ತೀರಾ ಸಾಮಾನ್ಯ ತಪ್ಪು. ನೆನಪು ನಂಬಬೇಡಿ, ರಜೆ, ಕೋರ್ಸು ಮುಂತಾದವು ದಾಖಲಾಗುವ ಪಾರ್ಟ್ ಟು ಆರ್ಡರ್ ತೆಗೆದು ನೋಡಿ.

ಇನ್ನು ಪೆನ್ ಪಿಕ್ಚರ್, ಅಂದರೆ ವರದಿಯಲ್ಲಿ ಮನುಷ್ಯನನ್ನು ಮಾತಿನಲ್ಲಿ ಚಿತ್ರಿಸುವ ಭಾಗ. ಎಂಜಿನಿಯರ್ ಕಂಪನಿಯ ಹವಾಲ್ದಾರನೊಬ್ಬನನ್ನು ಊಹಿಸಿಕೊಳ್ಳಿ. ಉಕ್ಕಿನ ಪ್ಯಾನೆಲ್‌ಗಳನ್ನು ಜೋಡಿಸಿ ಮಾಡುವ ಬೈಲಿ ಸೇತುವೆ ಕಟ್ಟುವ ತಂಡ ಅವನದು. ಒಂದು ಪ್ಯಾನೆಲ್ 10 ಅಡಿ ಉದ್ದ, ಸುಮಾರು 260 ಕಿಲೋ ತೂಕ, ಎತ್ತಲು 6 ಜನ ಬೇಕು. ಒಬ್ಬನ ಕಾಲು ಜಾರಿದರೂ ಇನ್ನೊಬ್ಬನ ಕೈ ಜಜ್ಜಿಹೋಗುತ್ತದೆ. ಅವನ ಬಗ್ಗೆ "ತಾಂತ್ರಿಕ ಜ್ಞಾನ ಉತ್ತಮ" ಎಂದರೆ ಏನು ತಿಳಿಯಿತು? ಅದರ ಬದಲು ಹೀಗೆ ಬರೆಯಬಹುದು: "ರಾತ್ರಿ ಅಭ್ಯಾಸದಲ್ಲಿ 80 ಅಡಿ ಸೇತುವೆ ತಳ್ಳುವಾಗ ರೋಲರ್ ಮಟ್ಟ ತಪ್ಪಿದ್ದನ್ನು ಮೊದಲು ಗಮನಿಸಿ, ತಾವೇ ಕೆಲಸ ನಿಲ್ಲಿಸಿದರು. ಮಟ್ಟ ಸರಿಮಾಡಿಸಿ ಮುಂದುವರಿಸಿದರು. ವರ್ಷದ 4 ಅಭ್ಯಾಸಗಳಲ್ಲಿ ಇವರ ತಂಡದಲ್ಲಿ ಯಾರಿಗೂ ಗಾಯವಾಗಿಲ್ಲ." ಕೆಲಸ ಗೊತ್ತು, ಅಧಿಕಾರಿಗಳ ಎದುರಲ್ಲೂ "ನಿಲ್ಲಿಸಿ" ಎನ್ನುವ ಧೈರ್ಯವಿದೆ, ಕೈಕೆಳಗಿನವರ ಮೈಮೇಲೆ ನಿಗಾ ಇದೆ. ಒಂದೇ ಒಂದು ಗುಣವಾಚಕ ಇಲ್ಲದೆ ಇಷ್ಟೂ ಬಂತು.

ಎಸಿಆರ್ ಇಂಗ್ಲಿಷಿನಲ್ಲಿ ಬರೆಯುವುದರಿಂದಲೇ ಸವಕಲು ಮಾತು ಸುಲಭವಾಗಿ ನುಗ್ಗುತ್ತದೆ. "ಅವನು ಏನು ಮಾಡಿದ?" ಎಂದು ಮೊದಲು ಮನೆಮಾತಿನಲ್ಲಿ ಕೇಳಿಕೊಂಡರೆ ಅರ್ಧ ಕಸ ಅಲ್ಲೇ ಉದುರುತ್ತದೆ. ಉತ್ತರ ಹೊಳೆಯದಿದ್ದರೆ ತಪ್ಪು ಹವಾಲ್ದಾರನದಲ್ಲ, ವರ್ಷವಿಡೀ ಟಿಪ್ಪಣಿ ಮಾಡದ ಕಂಪನಿ ಕಮಾಂಡರನದು. ಒಂದು ನೋಟ್‌ಬುಕ್, ಒಬ್ಬೊಬ್ಬರಿಗೆ ಒಂದು ಪುಟ, ತಿಂಗಳಿಗೆ ಎರಡು ಸಾಲು ಸಾಕು. ಇಲ್ಲದಿದ್ದರೆ ಕೊನೆಯ ಎರಡು ತಿಂಗಳ ಘಟನೆಯೇ ಇಡೀ ವರ್ಷದ ಚಿತ್ರವಾಗಿಬಿಡುತ್ತದೆ.

ಅಂಕ ಮತ್ತು ಅಕ್ಷರ ಒಂದೇ ಮಾತು ಹೇಳಬೇಕು. ಪೆನ್ ಪಿಕ್ಚರ್‌ನಲ್ಲಿ ಹೊಗಳಿಕೆಯ ಮಳೆ ಸುರಿಸಿ, ಕೆಳಗೆ "ಹೈ ಆವರೇಜ್" ಎಂದು ಮಧ್ಯಮ ಗ್ರೇಡ್ ಕೊಟ್ಟರೆ ಓದುವವರು ಗ್ರೇಡನ್ನೇ ನಂಬುತ್ತಾರೆ. ಮುಂದೆ ದೂರು ಎದ್ದರೆ ಆ ಹೊಂದಿಕೆಯಾಗದ ಜಾಗಕ್ಕೇ ವಕೀಲರು ಕೈ ಹಾಕುತ್ತಾರೆ. ಎಲ್ಲರಿಗೂ "ಔಟ್‌ಸ್ಟ್ಯಾಂಡಿಂಗ್" ಹಂಚುವ ಉದಾರಿಗಳದ್ದು ಇನ್ನೊಂದು ಪಾಡು: ನಿಜವಾಗಿ ಎದ್ದು ಕಾಣುವವನನ್ನು ತೋರಿಸಲು ಅವರ ಬಳಿ ಗ್ರೇಡೇ ಉಳಿದಿರುವುದಿಲ್ಲ.

ಕೊರತೆ ಬರೆಯುವುದಕ್ಕೆ ಹೆಚ್ಚು ಎಚ್ಚರ ಬೇಕು. ತಪ್ಪು ಕಂಡಾಗಲೇ ಕರೆದು ಹೇಳಿ; ತಿದ್ದಿಕೊಳ್ಳದಿದ್ದರೆ ಲಿಖಿತವಾಗಿ ಕೊಟ್ಟು ತಾರೀಕು ಇಟ್ಟುಕೊಳ್ಳಿ. ವರ್ಷವಿಡೀ ಬಾಯಿಬಿಡದೆ ಡಿಸೆಂಬರಿನಲ್ಲಿ "ಮುತುವರ್ಜಿ ಸಾಲದು" ಎಂದು ಗೀಚಿದರೆ ಅದು ನಿಲ್ಲುವುದು ಕಷ್ಟ. ಪ್ರತಿಕೂಲ ಟಿಪ್ಪಣಿಯನ್ನು ಆತನಿಗೆ ತಿಳಿಸಲೇಬೇಕು. ಅನ್ಯಾಯವಾಯಿತೆಂದು ಆತ ದೂರು ಕೊಡಬಹುದು, 2007ರ ಕಾಯ್ದೆಯಡಿ ಬಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೂ ಹೋಗಬಹುದು. ಕರ್ನಾಟಕದವರಿಗೆ ಅದು ಕೊಚ್ಚಿ ಪೀಠ.

ಇಲ್ಲೊಂದು ಸೂಕ್ಷ್ಮ. 2008ರ ದೇವದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿಕೂಲವಷ್ಟೇ ಅಲ್ಲ, ಎಲ್ಲ ನಮೂದನ್ನೂ ನೌಕರನಿಗೆ ತಿಳಿಸಬೇಕು ಎಂದಿತು. ಅರ್ಜಿದಾರರು ಗಡಿ ರಸ್ತೆಗಳ ಎಂಜಿನಿಯರ್. ಬಡ್ತಿ ತಪ್ಪಿಸಿದ್ದು "ಗುಡ್" ಎಂಬ ಒಂದು ಪದ. ಆದರೆ ಸೇನಾ ಅಧಿಕಾರಿಗಳನ್ನು ಆ ತೀರ್ಪು ಹೊರಗಿಟ್ಟಿತು. ಸಿವಿಲ್ ಕಡೆಯ ನಿಯಮವನ್ನು ಯೂನಿಟ್‌ಗೆ ತಂದು ಒಪ್ಪಿಸುವವರು ಇಲ್ಲೇ ಎಡವುತ್ತಾರೆ.

ವರದಿಯನ್ನು ಪರಿಶೀಲಿಸುವ ರಿವ್ಯೂಯಿಂಗ್ ಆಫೀಸರ್‌ಗೆ ಒಂದೇ ಕೋರಿಕೆ: ಇನಿಷಿಯೇಟಿಂಗ್ ಆಫೀಸರ್ ಬರೆದ ವಾಕ್ಯಗಳನ್ನೇ ಪದ ಬದಲಿಸಿ ಬರೆಯಬೇಡಿ. ನೀವೇ ಕಂಡ ಒಂದು ಸಂಗತಿ ಹಾಕಿ, ಗ್ರೇಡ್ ಬೇರೆ ಕೊಟ್ಟಿದ್ದರೆ ಯಾಕೆಂದು ಅದೇ ಜಾಗದಲ್ಲಿ ಹೇಳಿ.