ಮಳೆ ಪುಸ್ತಕದ ಕೊನೇ ಪುಟಗಳು

ಇವತ್ತು ಡಿಸೆಂಬರ್ 31, 2024. ಬೆಳಗ್ಗೆ ಎಂಟೂವರೆಗೆ ಮಳೆ ಅಳೆಯೋ ರೇನ್‌ಗೇಜ್ ನೋಡಿ ಬಂದೆ. ಒಳಗಿನ ಬಾಟಲಿ ಒಣಗಿತ್ತು. ಮೇಲೆ ಒಂದಿಷ್ಟು ಇಬ್ಬನಿ ಕೂತಿತ್ತು ಅಷ್ಟೆ. ಪುಸ್ತಕ ತೆಗೆದು ಸೊನ್ನೆ ಬರೆದೆ. ಆಮೇಲೆ ಜಗಲಿಯಲ್ಲೇ ಕೂತು ಕೊನೇ ಪುಟಗಳನ್ನು ತಿರುವಿ ಹಾಕಿದೆ. ವರ್ಷದ ಮೊದಲ ದಿನ ನಾನು ಬರೆದುಕೊಂಡಿದ್ದ ಗುರಿಗಳೆಲ್ಲ ಅಲ್ಲೇ ಇವೆ.

ಈ ಪುಸ್ತಕ ನಮ್ಮ ಮಾವನವರದ್ದು. ಹಾನಬಾಳಿನ ಹತ್ತಿರ ನಮ್ಮದು ಆರು ಎಕರೆ ಕಾಫಿ ತೋಟ. ನಾಲ್ಕು ಎಕರೆ ಅರೇಬಿಕಾ, ಎರಡು ಎಕರೆ ರೋಬಸ್ಟಾ. ಮಾವ 1987ರಿಂದ ದಿನಾ ಮಳೆ ಅಳೆದು ಬರೆದಿದ್ದಾರೆ. ಸಕಲೇಶಪುರದ ಕಡೆ ತೋಟದ ಮನೆಗಳಲ್ಲಿ ಇದು ಹೊಸದೇನಲ್ಲ. ಇಲ್ಲಿ ಈಗಲೂ ಮಳೆಯನ್ನು ಇಂಚು, ಸೆಂಟಿನಲ್ಲೇ ಹೇಳುತ್ತೇವೆ. ನೂರು ಸೆಂಟಿಗೆ ಒಂದು ಇಂಚು. ಮಳೆಗಾಲದಲ್ಲಿ ನೆಂಟರು ಫೋನ್ ಮಾಡಿದರೆ ಕ್ಷೇಮ ಸಮಾಚಾರಕ್ಕಿಂತ ಮೊದಲು "ನಿಮ್ಮಲ್ಲಿ ಎಷ್ಟಾಯ್ತು?" ಅಂತಲೇ ಕೇಳುತ್ತಾರೆ.

ಮಾವ ತೀರಿಕೊಂಡು ಎರಡು ವರ್ಷ ಆಯ್ತು. ಮೆಟ್ಟಿಲು ಇಳಿಯೋಕೆ ಆಗದೆ ಹೋದಾಗ ಈ ಕೆಲಸವನ್ನು ನನಗೆ ಕೊಟ್ಟರು. ಅಳತೆಯ ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಹಿಡಿಯಬೇಕು. ನೀರು ಗಾಜಿನ ಅಂಚಿನಲ್ಲಿ ಸ್ವಲ್ಪ ಮೇಲಕ್ಕೆ ಎದ್ದಿರುತ್ತೆ, ಅದನ್ನು ಓದಬಾರದು. ನಡುವೆ ತಗ್ಗಿರುತ್ತಲ್ಲ, ಆ ಗೆರೆ ಓದಬೇಕು. ಇದನ್ನೆಲ್ಲ ಮಂಚದ ಮೇಲೆ ಕೂತೇ ಕಲಿಸಿಕೊಟ್ಟರು. ನಾನು ಮಳೆ ಬಂದ ದಿನ ಬರೆಯುತ್ತಿದ್ದೆ, ಬಿಸಿಲಿನ ದಿನ ಬಿಡುತ್ತಿದ್ದೆ. ಒಂದು ದಿನ ಪುಸ್ತಕ ತರಿಸಿಕೊಂಡು ನೋಡಿದರು. ನಾಲ್ಕು ದಿನ ಖಾಲಿ ಇತ್ತು.

"ಮಳೆ ಬರ್ಲಿಲ್ಲ ಅಂತ ಬಿಟ್ಯಾ, ನೋಡೋಕೆ ಹೋಗ್ಲಿಲ್ಲ ಅಂತ ಬಿಟ್ಯಾ? ಓದೋರಿಗೆ ಹೇಗಮ್ಮ ಗೊತ್ತಾಗ್ಬೇಕು? ಸೊನ್ನೆ ಬರಿ."

ಅವರ ಪುಸ್ತಕದಲ್ಲಿ 2011ರ ಜುಲೈಯ ಒಂದು ಪುಟ ಇದೆ. ಆಗ ಒಂಬತ್ತು ದಿನ ಅವರು ಆಸ್ಪತ್ರೆಯಲ್ಲಿದ್ದರು. ಆ ಒಂಬತ್ತು ದಿನದ ಅಂಕಿ ಮಾತ್ರ ಕೆಂಪು ಇಂಕಿನಲ್ಲಿದೆ. ಬದಿಯಲ್ಲಿ "ಪಕ್ಕದ ತೋಟದ್ದು" ಅಂತ ಬರೆದಿದ್ದಾರೆ. ನಡುವೆ ಒಂದು ಹೊಳೆ ಇದ್ದರೆ ಸಾಕು, ಆಚೆ ಎರಡು ಇಂಚು, ಈಚೆ ಒಂದೂವರೆ ಆಗಬಹುದು. ತಾವು ಅಳೆಯದ ಮಳೆಯನ್ನು ತಮ್ಮದು ಅಂತ ಅವರು ಬರೆದುಕೊಳ್ಳಲಿಲ್ಲ. ಆ ಪುಟ ನೋಡಿದಾಗಲೆಲ್ಲ ನನಗೆ ಅವರ ಮೇಲೆ ಗೌರವ ಜಾಸ್ತಿ ಆಗುತ್ತೆ.

ಹಾಗಾಗಿ ಈ ಜನವರಿ 1ಕ್ಕೆ ನನ್ನ ಗುರಿಗಳನ್ನು ಹೊಸ ಡೈರಿಯಲ್ಲಿ ಬರೆಯಲಿಲ್ಲ. ಹೊಸ ಡೈರಿ ಸಂಕ್ರಾಂತಿ ಹೊತ್ತಿಗೆ ಬೀರು ಸೇರುತ್ತಿತ್ತು. ಮಳೆ ಪುಸ್ತಕವನ್ನಾದರೆ ದಿನಾ ತೆಗೆಯಲೇಬೇಕು. ಅದರ ಹಿಂದಿನ ಪುಟಗಳಲ್ಲಿ ಪೆನ್ಸಿಲ್ ಗೆರೆ ಹಾಕಿ ಸಾಲು ಮಾಡಿದೆ. ಅಧಿಕ ವರ್ಷ ಆದ್ದರಿಂದ 366 ಸಾಲು. ದಿನಾ ಅರ್ಧ ಗಂಟೆ ನಡೆಯೋದು, ತಿಂಗಳಿಗೆ ಒಂದು ಪುಸ್ತಕ ಓದೋದು, ಪಿಕಪ್ ಗಾಡಿ ಓಡಿಸೋದು ಕಲಿಯೋದು, ತೋಟದ ಲೆಕ್ಕ ಅವತ್ತಿನದು ಅವತ್ತೇ ಬರೆಯೋದು, ಪ್ರತಿ ಭಾನುವಾರ ಹಾಸನಕ್ಕೆ ಅವ್ವನಿಗೆ ಫೋನ್ ಮಾಡೋದು. ಮಾಡಿದ ದಿನ ಒಂದು, ಮಾಡದ ದಿನ ಸೊನ್ನೆ. ಯಾವ ಮನೆಯೂ ಖಾಲಿ ಇರಬಾರದು ಅಂತ ನಿಯಮ ಮಾಡಿಕೊಂಡೆ.

ನಡೆಯೋದು ಡಾಕ್ಟರ್ ಹೇಳಿದ್ದು. ಹೋದ ಡಿಸೆಂಬರ್‌ನಲ್ಲಿ ನನ್ನ ಎಚ್‌ಬಿಎ1ಸಿ, ಅಂದರೆ ರಕ್ತದ ಸಕ್ಕರೆಯ ಎರಡು ಮೂರು ತಿಂಗಳ ಸರಾಸರಿ, 6.2 ಇತ್ತು. 5.7ಕ್ಕಿಂತ ಕೆಳಗಿದ್ದರೆ ಚಿಂತೆ ಇಲ್ಲ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನಾನು ನಡುವೆ ನಿಂತಿದ್ದೆ. ತೋಟದಲ್ಲಿ ದಿನವಿಡೀ ಓಡಾಡುತ್ತೇನಲ್ಲ ಅಂದೆ. ಅದು ಗಿಡಕ್ಕೊಂದು ಸಲ ನಿಲ್ಲುವ ಓಡಾಟ, ಒಂದೇ ಸಮನೆ ಬಿರುಸಾಗಿ ನಡೆಯಬೇಕು ಅಂದರು. ಸರಿ ಅನ್ನಿಸಿತು. ತೋಟದ ಓಡಾಟವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಇವತ್ತು ಎಣಿಸಿದೆ. 366 ದಿನದಲ್ಲಿ 203 ದಿನ ನಡೆದಿದ್ದೇನೆ. 163 ಸೊನ್ನೆ.

ಬರೀ ಇಷ್ಟೇ ಇದ್ದಿದ್ದರೆ ಪುಸ್ತಕ ಮುಚ್ಚಿ ಇಡುತ್ತಿದ್ದೆನೋ ಏನೋ. ಆದರೆ ಫೆಬ್ರವರಿಯಿಂದ ಸೊನ್ನೆಯ ಪಕ್ಕ ಒಂದು ಅಕ್ಷರ ಬರೆಯೋ ಅಭ್ಯಾಸ ಆಗಿತ್ತು. ಮಳೆ ಇದ್ದರೆ 'ಮ'. ಆನೆ ಇದ್ದರೆ 'ಆ'. ಕಾಫಿ ಕುಯ್ಲಿನ ಕೆಲಸಕ್ಕೆ 'ಕು'. ಯಾವ ಕಾರಣವೂ ಇಲ್ಲದೆ ಹೋಗದೇ ಇದ್ದರೆ 'ಸು', ಸುಮ್ನೆ ಅಂತ. ಜನವರಿಯ ಸೊನ್ನೆಗಳಿಗೂ ನೆನಪು ಮಾಡಿಕೊಂಡು ಬರೆದೆ. ಇವತ್ತು ಅವನ್ನು ಬೇರೆ ಬೇರೆ ಎಣಿಸಿದೆ. ಮಳೆಗೆ 61, ಕುಯ್ಲಿಗೆ 38, ಆನೆಗೆ 19.

ಆನೆಯ ವಿಷಯ ಬೇರೆ ಊರಿನವರಿಗೆ ವಿಚಿತ್ರ ಅನ್ನಿಸಬಹುದು. ಸಕಲೇಶಪುರ, ಆಲೂರಿನ ಕಡೆಯವರಿಗೆ ಗೊತ್ತು. ಸುತ್ತಮುತ್ತ ಆನೆ ಇದೆ ಅಂತ ಮೆಸೇಜ್ ಬಂದರೆ ಬೆಳಗಿನ ಜಾವ, ಸಂಜೆ ಯಾರೂ ರಸ್ತೆಗೆ ಇಳಿಯಲ್ಲ. ಕೆಲಸಕ್ಕೆ ಬರುವವರೂ ಬಿಸಿಲು ಏರಿದ ಮೇಲೇ ಬರುತ್ತಾರೆ. ಆ 19 ದಿನಕ್ಕೆ ನನಗೆ ಬೇಜಾರಿಲ್ಲ.

ಉಳಿದದ್ದು 45 'ಸು'. ಇದನ್ನು ನೋಡೋಕೇ ಮನಸ್ಸಿರಲಿಲ್ಲ. ಸೋಮಾರಿತನದ ಲೆಕ್ಕ ಅಲ್ವಾ ಅಂದುಕೊಂಡಿದ್ದೆ. ಅಲ್ಲೊಂದು ಇಲ್ಲೊಂದು ಚದುರಿಕೊಂಡಿದ್ದವು. ಆದರೆ ಸೆಪ್ಟೆಂಬರ್ 9ರಿಂದ 25ರವರೆಗೆ ಸಾಲಾಗಿ ಹದಿನೇಳು. ಒಂದರ ಕೆಳಗೆ ಒಂದು, ಸು, ಸು, ಸು. ಆಗ ಅಂಥ ಮಳೆಯೂ ಇರಲಿಲ್ಲ. ಹಿಂದಿನ ಪುಟ ತಿರುಗಿಸಿ ಮಳೆಯ ಲೆಕ್ಕ ನೋಡಿದೆ, ದಿನಕ್ಕೆ ಹತ್ತು ಸೆಂಟು, ಐದು ಸೆಂಟು. ಮತ್ತೆ ಯಾಕೆ?

ಆಮೇಲೆ ಹೊಳೆಯಿತು. ಗಣೇಶನ ಹಬ್ಬ ಮುಗಿಸಿಕೊಂಡು ಸೆಪ್ಟೆಂಬರ್ 8ಕ್ಕೆ ಮಗ ಬೆಂಗಳೂರಿಗೆ ಹೋದ. ಇಂಜಿನಿಯರಿಂಗ್ ಸೇರಿದ್ದಾನೆ, ಹಾಸ್ಟೆಲ್. ಅದುವರೆಗೂ ಬೆಳಗ್ಗೆ ನನ್ನ ಜೊತೆ ಅವನೇ ಬರುತ್ತಿದ್ದ. ಗೇಟಿನಿಂದ ಮೇಲಿನ ಚಡಾವಿನ ಹಲಸಿನ ಮರದವರೆಗೆ ಹೋಗಿ ವಾಪಸ್. ಆ ದಿನಗಳಲ್ಲಿ ನಾನು ಅತ್ತಿಲ್ಲ, ಯಾರ ಹತ್ತಿರವೂ ಏನೂ ಹೇಳಿಲ್ಲ. ಚೆನ್ನಾಗೇ ಇದ್ದೀನಿ ಅಂತಲೇ ಅಂದುಕೊಂಡಿದ್ದೆ. ಪುಸ್ತಕ ಬೇರೆ ಹೇಳುತ್ತಿದೆ. ಹದಿನೇಳು ದಿನ ಆ ದಾರಿಯಲ್ಲಿ ಒಬ್ಬಳೇ ಕಾಲಿಡೋಕೆ ನನಗೆ ಆಗಿಲ್ಲ. ಅದಕ್ಕೆ ಸುಮ್ನೆ ಅಂತ ಬರೆದಿದ್ದೇನೆ. ಇವತ್ತು ಕೆಂಪು ಪೆನ್ನು ತಗೊಂಡು ಆ ಹದಿನೇಳರ ಬದಿಗೆ ಅವನ ಹೆಸರಿನ ಮೊದಲ ಅಕ್ಷರ ಬರೆದೆ.

ನವೆಂಬರ್‌ನಲ್ಲಿ ಮತ್ತೆ ರಕ್ತ ಪರೀಕ್ಷೆ ಮಾಡಿಸಿದೆ. 5.9 ಬಂತು. ಅದುವರೆಗಿನ ನಡಿಗೆಗೆ ಇದು ನನಗೆ ದೊಡ್ಡ ಸಂತೋಷ. 366 ಆಗಲ್ಲ ಅಂತ ಮಾರ್ಚ್‌ನಲ್ಲೇ ಬಿಟ್ಟಿದ್ದರೆ ಈ ಸಂಖ್ಯೆ ನೋಡುತ್ತಿರಲಿಲ್ಲ.

ಪುಸ್ತಕ ಹನ್ನೆರಡು ಅಂದಿದ್ದೆ, ಐದಾಯ್ತು. ಅದರಲ್ಲಿ ನಾಲ್ಕು ಜುಲೈ ಒಂದೇ ತಿಂಗಳಲ್ಲಿ. ಈ ಜುಲೈ ನಮ್ಮ ಕಡೆಯವರು ಮರೆಯೋ ಹಾಗಿಲ್ಲ. ದೊಡ್ಡತಪ್ಪಲಿನ ಹತ್ತಿರ ಶಿರಾಡಿ ರಸ್ತೆಗೆ ಗುಡ್ಡ ಜಾರಿತು. ಯಡಕುಮೇರಿ, ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣೇ ಕುಸಿದು ಮಂಗಳೂರು ರೈಲು ಎಷ್ಟೋ ದಿನ ನಿಂತಿತ್ತು. ನಮ್ಮ ರೇನ್‌ಗೇಜಿನಲ್ಲಿ ಒಂದೇ ದಿನ 6 ಇಂಚು 40 ಸೆಂಟು. ಕರೆಂಟು ಇಲ್ಲ, ನೆಟ್‌ವರ್ಕ್ ಇಲ್ಲ. ಕಿಟಕಿ ಪಕ್ಕ ಕೂತು ಓದಿದೆ. ನಡಿಗೆಯ ಸಾಲಿನಲ್ಲಿ ಸೊನ್ನೆ ತುಂಬಿದ ತಿಂಗಳೇ ಓದಿನ ಸಾಲಿನಲ್ಲಿ ತುಂಬಿದೆ. ಎರಡೂ ಸಾಲು ಅಕ್ಕಪಕ್ಕ ಇದ್ದುದರಿಂದ ಇದು ಕಣ್ಣಿಗೆ ಬಿತ್ತು.

ಪಿಕಪ್ ಕಲಿತೆ! ಇದನ್ನು ಎಷ್ಟು ಸಲ ಹೇಳಿದರೂ ಸಾಕಾಗಲ್ಲ. ಏಪ್ರಿಲ್‌ನಲ್ಲಿ ಎಲ್ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಮಾಡಿಸಿದೆ, ಜೂನ್‌ನಲ್ಲಿ ಲೈಸೆನ್ಸ್ ಬಂತು. ಸಮತಟ್ಟು ರಸ್ತೆ ಬೇಗ ಕೈಗೆ ಬಂತು. ಕಷ್ಟ ಆಗಿದ್ದು ಕಾಫಿ ಒಣಗಿಸೋ ನಮ್ಮ ಕಣದ ದಾರಿ. ಅಲ್ಲಿ ಗಾಡಿ ತಿರುಗಿಸೋಕೆ ಜಾಗ ಇಲ್ಲ. ಎಡಗಡೆ ಎತ್ತರದ ಮಣ್ಣಿನ ಧರೆ, ಬಲಗಡೆ ಚರಂಡಿ. ಹಿಮ್ಮುಖವಾಗಿಯೇ ಏರಬೇಕು. ನಮ್ಮನೆಯವರು ಹಿಂದೆ ನಿಂತು ಕೈ ಮಾಡುತ್ತಿದ್ದರು. ನನಗೆ ಕನ್ನಡಿಯಲ್ಲಿ ಅವರ ಕೈ ಕಾಣುತ್ತಿತ್ತು, ಚರಂಡಿ ಕಾಣುತ್ತಿರಲಿಲ್ಲ. ಆ ಸಾಲಿನಲ್ಲಿ ಕಣಕ್ಕೆ ಏರಿಸೋಕೆ ಹೋದ ದಿನವೆಲ್ಲ ಬರೆದಿದ್ದೇನೆ. ಹನ್ನೊಂದು ಸೊನ್ನೆ ಆದ ಮೇಲೆ ಒಂದು ಬಂದಿದೆ, ಆಗಸ್ಟ್ 18. ಈ ಕುಯ್ಲಿನಲ್ಲಿ ಹಸಿ ಹಣ್ಣಿನ ಚೀಲಗಳನ್ನು ಕಣಕ್ಕೆ ಏರಿಸಿದ್ದೆಲ್ಲ ನಾನೇ.

ಲೆಕ್ಕ ಬರೆಯೋ ಗುರಿ ಇಟ್ಟುಕೊಂಡಿದ್ದಕ್ಕೆ ಒಂದು ನೋವು ಕಾರಣ. ಹಿಂದಿನ ವರ್ಷ ಕಾಫಿ ಮಾರಿದಾಗ ನಮ್ಮ ಲೆಕ್ಕಕ್ಕೂ ವ್ಯಾಪಾರಿಯ ಲೆಕ್ಕಕ್ಕೂ ನಾಲ್ಕು ಮೂಟೆ ವ್ಯತ್ಯಾಸ ಬಂತು. ನಮ್ಮ ಲೆಕ್ಕ ಬರೀ ನೆನಪಿನದು. ಕೇಳೋಕೆ ಬಾಯಿ ಬರಲಿಲ್ಲ. ಈಗ ದಿನಾ ಸಂಜೆ ನಾಲ್ಕಕ್ಕೆ ತೂಕ ಹಾಕುವಾಗಲೇ ಪಕ್ಕದಲ್ಲಿ ನಿಂತು ಬರೆಯುತ್ತೇನೆ. ಯಾರು ಎಷ್ಟು ಕೆಜಿ ಕುಯ್ದರು, ತೋಟದ ಯಾವ ಪಟ್ಟೆಯದು, ಕಣಕ್ಕೆ ಎಷ್ಟು ಹೋಯ್ತು. ಕುಯ್ಯುವವರಿಗೂ ಇದು ಇಷ್ಟವಾಗಿದೆ. ತಮ್ಮ ಅಂಕಿ ತಾವೇ ನೋಡಿಕೊಂಡು ಹೋಗುತ್ತಾರೆ. ಈ ಸಾಲಿನಲ್ಲಿ ನವೆಂಬರ್ ಆದ ಮೇಲೆ ಒಂದೇ ಒಂದು ಸೊನ್ನೆ ಇಲ್ಲ.

ಇನ್ನು ಅವ್ವನ ಸಾಲು.

ವರ್ಷಕ್ಕೆ 52 ಭಾನುವಾರ. 36 ಸಲ ಫೋನ್ ಮಾಡಿದ್ದೇನೆ. ಅಕ್ಟೋಬರ್‌ವರೆಗೆ ಪರವಾಗಿಲ್ಲ. ಅಕ್ಟೋಬರ್ 24ಕ್ಕೆ, ವರ್ಷಕ್ಕೊಮ್ಮೆ ಮಾತ್ರ ತೆಗೆಯೋ ಹಾಸನಾಂಬೆ ಗುಡಿಯ ಬಾಗಿಲು ತೆಗೆದರು. ಆ ವಾರ ಹಾಸನಕ್ಕೆ ಹೋಗಿ ಅವ್ವನ ಜೊತೆ ಸಾಲಿನಲ್ಲಿ ನಿಂತು ದರ್ಶನ ಮಾಡಿ ಬಂದೆ. ಅವ್ವನಿಗೆ ವರ್ಷ ಅಂದರೆ ಅದೇ. ಹಾಸನಾಂಬೆ ಬಾಗಿಲು ಹಾಕಿದರೆ ಒಂದು ವರ್ಷ ಮುಗಿಯಿತು ಅನ್ನುತ್ತಾಳೆ. ನವೆಂಬರ್ 3ಕ್ಕೆ ಬಾಗಿಲು ಹಾಕಿದರು. ಅವತ್ತು ಮಾತಾಡಿದ್ದೇನೆ. ಆಮೇಲೆ ಕುಯ್ಲು ಶುರುವಾಯಿತು. ನವೆಂಬರ್ 10ರಿಂದ ಡಿಸೆಂಬರ್ 15ರವರೆಗೆ ಆರು ಭಾನುವಾರ ಸಾಲಾಗಿ ಸೊನ್ನೆ.

ಕುಯ್ಲಿನಲ್ಲಿ ನಮಗೆ ಭಾನುವಾರ ಅಂತ ಬೇರೆ ಇರಲ್ಲ. ಡಿಸೆಂಬರ್ ಮೊದಲ ವಾರ ಫೆಂಗಲ್ ಚಂಡಮಾರುತದ ಮಳೆ ಬೇರೆ ಬಂತು. ಕಣದ ತುಂಬ ಕಾಫಿ ಹರಡಿತ್ತು. ಗಿಡದಲ್ಲಿದ್ದ ಹಣ್ಣು ನೀರು ಕುಡಿದು ಒಡೆದು ಉದುರುತ್ತಿತ್ತು. ರಾತ್ರಿ ಎದ್ದು ಎದ್ದು ಟಾರ್ಪಾಲ್ ಸರಿ ಮಾಡಿದೆವು. ಕಾರಣ ಎಲ್ಲವೂ ನಿಜ. ಆದರೂ ಡಿಸೆಂಬರ್ 22ರ ಬೆಳಗ್ಗೆ ಆ ಆರು ಸೊನ್ನೆ ಒಂದೇ ನೋಟಕ್ಕೆ ಕಂಡಾಗ ಹೊಟ್ಟೆಯಲ್ಲಿ ಕಿವುಚಿದ ಹಾಗಾಯ್ತು. ಅಲ್ಲೇ ನಿಂತು ಫೋನ್ ಮಾಡಿದೆ.

"ಕುಯ್ಲು ಮುಗೀತೇನವ್ವ?" ಅಂದಳು. ಬೈಯಲಿಲ್ಲ. ಯಾಕೆ ಮಾಡಲಿಲ್ಲ ಅಂತಲೂ ಕೇಳಲಿಲ್ಲ.

"ನೀನಾದ್ರೂ ಮಾಡ್ಬಾರ್ದಾ ಅವ್ವ?"

"ಕೆಲ್ಸದಲ್ಲಿರ್ತೀಯ ಅಂತ ಸುಮ್ನಿದ್ದೆ. ಸೈಕ್ಲೋನ್ ಬಂದಾಗ ಟಿವಿ ಮುಂದೇನೇ ಕೂತಿದ್ದೆ. ನಿಮ್ಮೂರ್ ಹೆಸ್ರು ಹೇಳ್ತಾರೇನೋ ಅಂತ."

ಮೂರು ದಿನ ಟಿವಿ ಮುಂದೆ ಕೂತಿದ್ದಳಂತೆ. ನನಗೆ ಎರಡು ನಿಮಿಷ ಸಿಕ್ಕಿರಲಿಲ್ಲ.

ಭಾನುವಾರ ಅಂತ ಇಟ್ಟುಕೊಂಡಿದ್ದೇ ತಪ್ಪು ಅಂತ ಈಗ ಅನ್ನಿಸುತ್ತೆ. ಭಾನುವಾರ ರಜೆ ಇರುವವರ ಗುರಿಯನ್ನು ತಂದು ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ನಡಿಗೆಯೂ ಹಾಗೇ. ಜನವರಿಗೂ ಜುಲೈಗೂ ಒಂದೇ ಗುರಿ ಇಡೋಕೆ ನಮ್ಮೂರಲ್ಲಿ ಆಗಲ್ಲ. ಕಾಫಿಯ ವರ್ಷ ಅಕ್ಟೋಬರ್‌ಗೆ ಶುರು, ಬ್ಯಾಂಕಿನದು ಏಪ್ರಿಲ್‌ಗೆ. ಡಿಸೆಂಬರ್ 31 ಅಂದರೆ ನಮಗೆ ಅರ್ಧ ಕುಯ್ಲು. ಅರೇಬಿಕಾ ಇನ್ನೂ ಗಿಡದಲ್ಲಿ ಸ್ವಲ್ಪ ಉಳಿದಿದೆ, ರೋಬಸ್ಟಾ ಮುಟ್ಟೇ ಇಲ್ಲ, ಅದಾದ ಮೇಲೆ ಮೆಣಸು. ಹಾಗಾಗಿ ನಾಳೆ ಹೊಸ ಗುರಿ ಬರೆಯಲ್ಲ. 2025ರ ಯುಗಾದಿ ಮಾರ್ಚ್ 30ಕ್ಕೆ ಇದೆ. ಆ ಹೊತ್ತಿಗೆ ಕುಯ್ಲು ಮುಗಿದು, ಕಾಫಿ ಹೂ ಅರಳಿಸೋ ಹೂಮಳೆ ಬಂದಿದ್ದರೆ ತೋಟವೆಲ್ಲ ಬೆಳ್ಳಗಿರುತ್ತೆ. ಆಗ ಕೂತು ಬರೆಯುತ್ತೇನೆ. ಓದೋದನ್ನು ಜೂನ್, ಜುಲೈ, ಆಗಸ್ಟಿಗೆ ಹಾಕುತ್ತೇನೆ. ಆ ಮೂರು ತಿಂಗಳು, ಮತ್ತೆ ಆನೆ ಇರುವ ದಿನ, ಗೋಡೌನ್ ಒಳಗೇ ನಡೆಯಬಹುದು. ಈ ಕೊನೆಯಿಂದ ಆ ಕೊನೆಗೆ ನನ್ನ ಹೆಜ್ಜೆಯಲ್ಲಿ ಇಪ್ಪತ್ತೆರಡು ಆಗುತ್ತೆ, ಅಳೆದು ನೋಡಿದ್ದೇನೆ.

ಒಂದನ್ನು ಮಾತ್ರ ಯುಗಾದಿವರೆಗೆ ಕಾಯಿಸಿಲ್ಲ. ಡಿಸೆಂಬರ್ 23ರಿಂದ ಅವ್ವನಿಗೆ ದಿನಾ ಫೋನ್ ಮಾಡುತ್ತಿದ್ದೇನೆ. ಬೆಳಗ್ಗೆ ಎಂಟೂವರೆಗೆ, ರೇನ್‌ಗೇಜ್ ನೋಡಿ ಬರುವಾಗ. ಎರಡೇ ನಿಮಿಷ. ಅವಳಿಗೂ ಹೊತ್ತು ಗೊತ್ತಾಗಿದೆ, ಮೊದಲ ರಿಂಗಿಗೇ ಎತ್ತುತ್ತಾಳೆ.

ಇವತ್ತೂ ಮಾಡಿದೆ.

"ಎಷ್ಟಾಯ್ತು ಮಳೆ?" ಅಂದಳು.

"ಸೊನ್ನೆ ಅವ್ವ."

"ಒಳ್ಳೇದಾಯ್ತು ಬಿಡು. ಕಾಫಿ ಒಣಗ್ಲಿ" ಅಂದಳು.