ದೊಡ್ಡ ಮೈದಾನದ ರೈಟ್ ಬ್ಯಾಕ್ ಹುಡುಗಿ

ಬೆಂಗಳೂರಿನಲ್ಲಿ ಹತ್ತರಿಂದ ಹನ್ನೆರಡು ವರ್ಷದ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುವುದು ನನ್ನ ಕೆಲಸ. ಪ್ರತಿ ಟರ್ಮ್ ಮುಗಿದಾಗ ಒಬ್ಬೊಬ್ಬರ ಬಗ್ಗೆ ಎರಡು ಸಾಲು ಬರೆದು ಮನೆಗೆ ಕಳಿಸಬೇಕು. ಮೊದಲ ವರ್ಷ ಒಬ್ಬ ಹುಡುಗಿಗೆ 'ಆಟದ ಮೇಲೆ ಗಮನ ಕಡಿಮೆ' ಎಂದು ಬರೆದುಬಿಟ್ಟೆ. ಅವಳು ರೈಟ್ ಬ್ಯಾಕ್, ಅಂದರೆ ನಮ್ಮ ಗೋಲಿನ ಮುಂದೆ ಬಲಗಡೆ ಕಾಯುವವಳು. ಪಂದ್ಯ ನಡೆಯುವಾಗ ಹುಲ್ಲು ಕೀಳುತ್ತಾ ನಿಂತಿರುತ್ತಿದ್ದಳು. ಆ ಸಾಲು ನೆನೆದರೆ ಇವತ್ತಿಗೂ ಬೇಜಾರಾಗುತ್ತದೆ.

ಆಗ ನಾವು ದೊಡ್ಡವರ ಮೈದಾನದಲ್ಲಿ ಹನ್ನೊಂದು ಹನ್ನೊಂದು ಜನ ಆಡುತ್ತಿದ್ದೆವು. 105 ಮೀಟರ್ ಉದ್ದ, 68 ಮೀಟರ್ ಅಗಲ. 22 ಜನಕ್ಕೆ ಹಂಚಿದರೆ ಒಬ್ಬೊಬ್ಬಳ ಪಾಲಿಗೆ ಸುಮಾರು 324 ಚದರ ಮೀಟರ್ ಜಾಗ. ಐದನೇ ಕ್ಲಾಸಿನ ಮಗುವಿಗೆ ಇಷ್ಟು! ಈ ವಯಸ್ಸಿನಲ್ಲಿ ಕೆಲವು ಹುಡುಗಿಯರು ಸರ್ರನೆ ಎತ್ತರ ಬೆಳೆದಿರುತ್ತಾರೆ, ಕೆಲವರು ಇನ್ನೂ ಪುಟ್ಟ ಮಕ್ಕಳ ಹಾಗೇ ಇರುತ್ತಾರೆ. ಜೋರಾಗಿ ಒದೆಯುವ ಇಬ್ಬರು, ಜೋರಾಗಿ ಓಡುವ ಒಬ್ಬಳು. ಪಂದ್ಯವೆಲ್ಲ ಆ ಮೂವರದ್ದೇ.

ಗೋಲಿನ ಕಥೆ ಇನ್ನೂ ಕಷ್ಟ. ಅದರ ಎತ್ತರ 2.44 ಮೀಟರ್, ಅಂದರೆ ಎಂಟು ಅಡಿ. ಕೀಪರ್ ಹುಡುಗಿ ನಾಲ್ಕೂವರೆ ಅಡಿ. ಚೆಂಡನ್ನು ಅವಳ ತಲೆ ಮೇಲೆ ಹಾಕಿದರೆ ಸಾಕು, ಗೋಲು. ಹಾಗಾಗಿ ಯಾರೂ ಮೂಲೆ ನೋಡಿ ಕೆಳಗೆ ಹೊಡೆಯುವುದನ್ನು ಕಲಿಯಲೇ ಇಲ್ಲ. ಕೀಪರ್ ಅಳುತ್ತಾ ಬರುತ್ತಿದ್ದಳು. ಮುಂದಿನ ವಾರ 'ಮಿಸ್, ನಾನು ಕೀಪರ್ ಆಗಲ್ಲ' ಎನ್ನುತ್ತಿದ್ದಳು.

ಒಂದು ಟೂರ್ನಿಯಲ್ಲಿ 0-7 ಸೋತೆವು. ಹೆಚ್ಚಿನ ಗೋಲುಗಳು ನಮ್ಮದೇ ಗೋಲ್ ಕಿಕ್‌ನಿಂದ, ಅಂದರೆ ನಮ್ಮ ಗೋಲಿನ ಹತ್ತಿರ ಚೆಂಡಿಟ್ಟು ಒದ್ದು ಆಟ ಮತ್ತೆ ಶುರು ಮಾಡುವಾಗ, ಶುರುವಾದವು. ಗೋಲಿನ ಮುಂದಿರುವ ಪೆನಾಲ್ಟಿ ಬಾಕ್ಸ್ ಗೋಲಿನ ಗೆರೆಯಿಂದ 16.5 ಮೀಟರ್ ಮುಂದಕ್ಕೆ ಚಾಚಿರುತ್ತದೆ, ನಮ್ಮ ಮಕ್ಕಳ ಕಿಕ್ ಅದನ್ನು ದಾಟಿದರೆ ಹೆಚ್ಚು. ಎದುರಿನವರು ಬಾಕ್ಸ್ ಅಂಚಿನಲ್ಲೇ ಕಾದು ನಿಂತಿದ್ದರು. ನಾನು ಹೊರಗಿನಿಂದ 'ಜೋರಾಗಿ ಒದಿ, ಜೋರಾಗಿ ಒದಿ' ಎಂದು ಕೂಗಿದೆ. ಕಾಲಿಗೆ ಬಂದ ಚೆಂಡನ್ನು ಆದಷ್ಟು ಬೇಗ ದೂರ ತಳ್ಳಿಬಿಡು ಎಂದು ಮಕ್ಕಳಿಗೆ ಹೇಳಿಕೊಟ್ಟವಳು ನಾನೇ.

ಬದಲಾದದ್ದು ಮಳೆಯಿಂದ. ಆ ವಾರ ಮೈದಾನವೆಲ್ಲ ಕೆಸರು, ಒಂದು ಮೂಲೆ ಮಾತ್ರ ಒಣಗಿತ್ತು. 30 ಮೀಟರ್‌ಗೆ 20 ಮೀಟರ್ ಅಳೆದು, ಕೋನ್ ಇಟ್ಟು ಸಣ್ಣ ಗೋಲು ಮಾಡಿ, ಕೀಪರ್ ಇಲ್ಲದೆ ನಾಲ್ಕು ನಾಲ್ಕು ಜನ ಆಡಿಸಿದೆ. ಈಗ ಒಬ್ಬಳಿಗೆ 75 ಚದರ ಮೀಟರ್. ಹುಲ್ಲು ಕೀಳುತ್ತಿದ್ದ ಹುಡುಗಿಯ ಕಾಲಿಗೆ ಮತ್ತೆ ಮತ್ತೆ ಚೆಂಡು ಬಂತು. ಅದು ಬರುವ ಮುಂಚೆ ಅವಳು ಭುಜದ ಮೇಲಿಂದ ಹಿಂದೆ ತಿರುಗಿ ನೋಡುತ್ತಿದ್ದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅಷ್ಟು ದಿನ ದೂರ ನಿಂತು ಅವಳು ಆಟ ನೋಡುತ್ತಲೇ ಇದ್ದಳು, ಅಲ್ವಾ? ಚೆಂಡು ಮಾತ್ರ ಅವಳವರೆಗೆ ಬರುತ್ತಿರಲಿಲ್ಲ.

ಆಮೇಲೆ ಬೇರೆ ಕಡೆ ಏನು ಮಾಡುತ್ತಾರೆ ಎಂದು ಓದಿದೆ. ಅಮೆರಿಕದಲ್ಲಿ 2017ರಿಂದ ಎಂಟು ವರ್ಷದೊಳಗಿನವರಿಗೆ ನಾಲ್ಕು ಜನರ ತಂಡ, ಹತ್ತರೊಳಗೆ ಏಳು, ಹನ್ನೆರಡರೊಳಗೆ ಒಂಬತ್ತು, ಆಮೇಲಷ್ಟೇ ಹನ್ನೊಂದು. ನಮ್ಮಲ್ಲೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2018ರಲ್ಲಿ ಹನ್ನೆರಡರವರೆಗಿನ ಮಕ್ಕಳಿಗೆ ಗೋಲ್ಡನ್ ಬೇಬಿ ಲೀಗ್ ಶುರು ಮಾಡಿತು. ಅಮೆರಿಕದ ಏಳು ಜನರ ಆಟದ ಎರಡು ನಿಯಮಗಳನ್ನು ನಾನು ಹಾಗೇ ತಂದೆ. ಗೋಲ್ ಕಿಕ್ ಇದ್ದಾಗ ಎದುರಿನವರು ಒಂದು ಗೆರೆಯ ಹಿಂದಕ್ಕೆ ಹೋಗಬೇಕು. ಕೀಪರ್ ಚೆಂಡನ್ನು ಕೈಯಿಂದ ಬಿಟ್ಟು ದೂರ ಒದೆಯುವಂತಿಲ್ಲ. ಕೆಲವೇ ವಾರಗಳಲ್ಲಿ ನಮ್ಮ ಡಿಫೆಂಡರ್‌ಗಳು ಚೆಂಡು ಕೇಳಲು ಶುರು ಮಾಡಿದರು. ಅವರ ದನಿ ಕೇಳಿದ್ದೇ ಅದು ಮೊದಲು.

ಸುಮ್ನೆ ಮೈದಾನ ಚಿಕ್ಕದು ಮಾಡಿದರೆ ಸಾಲದು. ತಂಡ ಸರಿಯಾಗಿ ಹಂಚದಿದ್ದರೆ ನಾಲ್ಕು ಜನರ ಆಟದಲ್ಲಿ ಜೋರಿರುವ ಹುಡುಗಿಯೊಬ್ಬಳೇ ಎಲ್ಲರನ್ನೂ ದಾಟಿ ಹೋಗುತ್ತಾಳೆ. ಅದಕ್ಕೇ ಜೋರಿರುವವರನ್ನು ಜೋರಿರುವವರ ಎದುರೇ ಹಾಕುತ್ತೇನೆ. ಸುತ್ತಲೂ ಬಲೆ ಕಟ್ಟಿದ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಟರ್ಫ್‌ನಲ್ಲಿ ಆಡುವಾಗ ಚೆಂಡು ಬಲೆಗೆ ಬಡಿದು ವಾಪಸ್ ಬರುತ್ತದೆ, ಮಕ್ಕಳಿಗೆ ಗೆರೆಯ ಅರಿವೇ ಬರುವುದಿಲ್ಲ. ಬಲೆಯಿಂದ ಒಂದು ಮೀಟರ್ ಒಳಗೆ ಕೋನ್ ಇಡಿ. ಇನ್ನೊಂದು, ಚಿಕ್ಕ ಜಾಗದಲ್ಲಿ ಕೋಚ್ ಮಾತು ಎಲ್ಲರಿಗೂ ಕೇಳಿಸುತ್ತದೆ. ನಾನು ಬಾಯಿ ಬಿಟ್ಟರೆ ಮಕ್ಕಳು ಚೆಂಡು ಬಿಟ್ಟು ನನ್ನ ಮುಖ ನೋಡುತ್ತಾರೆ. ಸುಮ್ಮನಿರುವುದನ್ನು ಕಲಿಯಲು ನನಗೆ ಒಂದು ವರ್ಷ ಬೇಕಾಯಿತು.

ಉದ್ದದ ಪಾಸ್, ಆಫ್‌ಸೈಡ್, ಆಚೆ ಬದಿಯಲ್ಲಿ ಖಾಲಿ ನಿಂತವಳನ್ನು ಹುಡುಕುವುದು, ಇವೆಲ್ಲ ನಾಲ್ಕು ಜನರ ಆಟದಲ್ಲಿ ಬರುವುದಿಲ್ಲ. ಏಳರಿಂದ ನೇರ ಹನ್ನೊಂದಕ್ಕೆ ಹೋದವರು ತುಂಬಾ ತಡಬಡಾಯಿಸಿದರು. ನಡುವಿನ ಒಂಬತ್ತನ್ನು ಈಗ ನಾನು ಬಿಡುವುದೇ ಇಲ್ಲ.

ಒಬ್ಬ ಅಪ್ಪ ಬಂದು 'ಮೇಡಂ, ಹನ್ನೊಂದು ಜನ ಆಡಿದ್ರೇನೇ ಫುಟ್‌ಬಾಲ್ ಅಲ್ವಾ?' ಎಂದು ಕೇಳಿದರು. ವಾದ ಮಾಡಲಿಲ್ಲ. ದೊಡ್ಡ ಆಟ ಹತ್ತು ನಿಮಿಷ, ಸಣ್ಣ ಆಟ ಹತ್ತು ನಿಮಿಷ ಆಡಿಸಿದೆ. ಮಗಳು ಎಷ್ಟು ಸಲ ಚೆಂಡು ಮುಟ್ಟುತ್ತಾಳೆ ಎಣಿಸಿ ಎಂದೆ. ಎರಡನೆಯದರಲ್ಲಿ ಅವರಿಗೆ ಲೆಕ್ಕ ತಪ್ಪಿತು. ಈಗ ಗೆರೆ ಹಾಕಲು ಅವರೇ ಬೇಗ ಬರುತ್ತಾರೆ.

ರೈಟ್ ಬ್ಯಾಕ್ ಹುಡುಗಿ ಈಗ ಮಿಡ್‌ಫೀಲ್ಡ್ ಆಡುತ್ತಾಳೆ. ಕಳೆದ ಟರ್ಮ್‌ನಲ್ಲಿ ಅವಳ ಎರಡು ಸಾಲು ಹೀಗೆ ಬರೆದೆ: 'ಚೆಂಡು ಬರುವ ಮೊದಲೇ ತಿರುಗಿ ನೋಡುತ್ತಾಳೆ. ಎಡಗಾಲಿನ ಪಾಸ್ ಇನ್ನೂ ಅಭ್ಯಾಸ ಆಗಬೇಕು.'